ನಿಮಗಿದು ಗೊತ್ತೇ? ಪಟ್ಟೆಮೀನಿನ ಕುಲಗೋತ್ರ

ಮಲ್ಲೇಶ್ವರವಿರಲಿ, ಬಸವನಗುಡಿಯಿರಲಿ, ಅಕ್ವೇರಿಯಂ ಅಂಗಡಿಯಲ್ಲಿ ಉಪ್ಪುನೀರಿನ ತೊಟ್ಟಿಯಿದ್ದರೆ ಮಕ್ಕಳು ಅದರ ಮುಂದಿನಿಂದ ಕದಲುವುದಿಲ್ಲ. ಅದರೊಳಗೆ ಐದು ಕಪ್ಪು ಪಟ್ಟೆ, ಬೆನ್ನಿಗೆ ಅರಿಸಿನದ ಬಣ್ಣ ಇರುವ ಪುಟ್ಟ ಮೀನು ಕಂಡರೆ ಅದು ಡ್ಯಾಮ್ಸೆಲ್ ಬಳಗದ್ದು. ಪಟ್ಟೆಗಳು ಸೇನೆಯವರ ತೋಳುಪಟ್ಟಿಯಂತಿವೆ ಎಂದು ಇಂಗ್ಲಿಷಿನವರು ಅದಕ್ಕೆ ಸಾರ್ಜೆಂಟ್ ಎಂದರು.

● ಶಾಸ್ತ್ರೀಯ ಹೆಸರು ಅಬುಡೆಫ್ಡಫ್ ವೈಗಿಯೆನ್ಸಿಸ್. ಮೊದಲ ಪದ ಅರಬ್ಬಿಯದು. ಕೆಂಪು ಸಮುದ್ರದ ಮೀನುಗಳನ್ನು ಅಭ್ಯಸಿಸಿದ ಪೀಟರ್ ಫೋರ್ಸ್ಕಾಲ್ ಅದನ್ನು ಬರೆದುಕೊಂಡ. 1763ರಲ್ಲಿ ಯೆಮನ್‌ನಲ್ಲಿ ಮಲೇರಿಯಾ ಅವನನ್ನು ಬಲಿ ತೆಗೆದುಕೊಂಡಿತು. ಅವನ ಪುಸ್ತಕ ಅಚ್ಚಾದದ್ದು 1775ರಲ್ಲಿ. ಎರಡನೆಯ ಪದ ನ್ಯೂಗಿನಿ ಬಳಿಯ ವೈಗಿಯೊ ದ್ವೀಪದ್ದು. 1825ರಲ್ಲಿ ಕ್ವಾ ಮತ್ತು ಗೈಮಾರ್ ಎಂಬ ಫ್ರೆಂಚರು ಈ ಹೆಸರಿಟ್ಟರು.

● ಅಟ್ಲಾಂಟಿಕ್ ಸಾಗರದಲ್ಲಿ ಇದರ ಪಡಿಯಚ್ಚಿನಂಥ ಮೀನೊಂದಿದೆ. ಎರಡೂ ಒಂದೇ ಎಂದು ಬಹುಕಾಲ ನಂಬಿದ್ದರು. ಈಗ ಅವು ಬೇರೆ ಬೇರೆ ಪ್ರಭೇದಗಳು.

● ಡ್ಯಾಮ್ಸೆಲ್ ಕುಟುಂಬದಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. 2003ರ ಚಲನಚಿತ್ರದಿಂದ ಮನೆಮಾತಾದ ‘ನೀಮೊ’ ಕೂಡ ಇದೇ ಕುಟುಂಬದ ಕುಡಿ.

● ಹೆಚ್ಚಿನ ಮೀನುಗಳಿಗೆ ಮೂತಿಯ ಒಂದೊಂದು ಪಕ್ಕದಲ್ಲೂ ಎರಡೆರಡು ಹೊಳ್ಳೆ. ಡ್ಯಾಮ್ಸೆಲ್‌ಗಳಲ್ಲಿ ಸಾಮಾನ್ಯವಾಗಿ ಒಂದೊಂದೇ. ಇನ್ನು ಯಾರಿಗೆ ಹೀಗೆ? ನಮ್ಮ ಊರಿನ ಕೆರೆಗಳ ಜಿಲೇಬಿ ಮೀನಿಗೆ, ಅಂದರೆ 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾಕ್ಕೆ! ಅದು ಸಿಕ್ಲಿಡ್ ಕುಟುಂಬದ್ದು. ಹೊಳ್ಳೆಗಿಂತ ಮುಖ್ಯವಾಗಿ ಗಂಟಲಿನೊಳಗಿನ ದವಡೆಗಳ ಹೋಲಿಕೆಯಿಂದಾಗಿ ಹಿಂದಿನವರು ಎರಡು ಕುಟುಂಬಗಳನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಆ ಗುಂಪು ಒಡೆಯಿತು, ಆದರೆ ನಂಟು ಕಡಿಯಲಿಲ್ಲ. 2012ರಲ್ಲಿ ‘ಓವಲೆಂಟೇರಿಯಾ’ ಎಂಬ ದೊಡ್ಡ ವಂಶವನ್ನು ಹೆಸರಿಸಿ ಇಬ್ಬರನ್ನೂ ಅದರಡಿ ತಂದರು. ಮೊಟ್ಟೆಯ ಮೇಲಿನ ಅಂಟುವ ಎಳೆಗಳು ಈ ವಂಶದ ಗುರುತು. ಹಾರುವ ಮೀನೂ ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆ ನೀರಿಗೆ ಬಿಡುವ ಗಪ್ಪಿಯೂ ಇದರೊಳಗಿವೆ. ಚಾಮರಾಜಪೇಟೆಯ ಮನೆಯೊಂದರ ಗಾಜಿನ ಬೋಗುಣಿಯಲ್ಲಿರುವ ಗಪ್ಪಿಗೆ ಹವಳದ ದಿಬ್ಬದಲ್ಲಿ ದಾಯಾದಿಗಳಿದ್ದಾರೆ ಎಂದಾಯಿತು.

● ಅದೇ ಸಿಕ್ಲಿಡ್‌ಗಳಲ್ಲಿ ಒಂದು ನಮ್ಮ ಕರಾವಳಿ ಸೀಮೆಯದೇ: ಎಟ್ರೋಪ್ಲಸ್ ಕೆನರೆನ್ಸಿಸ್. 1877ರಲ್ಲಿ ಫ್ರಾನ್ಸಿಸ್ ಡೇ ಇಟ್ಟ ಹೆಸರಿನಲ್ಲೇ ಕೆನರಾ ಇದೆ.

● ಸಾರ್ಜೆಂಟ್ ಮೀನಿನಲ್ಲಿ ಮೊಟ್ಟೆ ಕಾಯುವವನು ಅಪ್ಪ. ಬಂಡೆಗೆ ಅಂಟಿದ ಮೊಟ್ಟೆಗಳಿಗೆ ರೆಕ್ಕೆಯಿಂದ ನೀರು ಬೀಸುತ್ತಾನೆ, ಹತ್ತಿರ ಬಂದವರನ್ನು ಅಟ್ಟುತ್ತಾನೆ. ಆ ದಿನಗಳಲ್ಲಿ ಅವನ ಮೈ ನೀಲಿಗಟ್ಟುತ್ತದೆ.

● ಇವರಲ್ಲಿ ರೈತರೂ ಇದ್ದಾರೆ. ಸ್ಟೆಗಾಸ್ಟಿಸ್ ಎಂಬ ಡ್ಯಾಮ್ಸೆಲ್‌ಗಳು ತಮ್ಮ ಪಾಲಿನ ಜಾಗದಲ್ಲಿ ಪಾಚಿ ಬೆಳೆದು, ಬೇಡದ್ದನ್ನು ಕಳೆಯಂತೆ ಕಿತ್ತು ಹೊರಗೆಸೆಯುತ್ತವೆ.

● ಡ್ಯಾಮ್ಸೆಲ್‌ಗಳನ್ನು ಅವುಗಳ ಮನೆಯಲ್ಲೇ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ, ನೀರಿಗಿಳಿದರೆ ಸಾಕು.

ಅಂಗಡಿಯಲ್ಲಿ ಬೆರಳುದ್ದ ಕಾಣುವ ಸಾರ್ಜೆಂಟ್ ಬೆಳೆದರೆ ಒಂದು ಗೇಣು, ಜಗಳಗಂಟ ಬೇರೆ. ಚಿಕ್ಕ ತೊಟ್ಟಿ ಅದಕ್ಕೆ ಸೆರೆಮನೆ. ಡ್ಯಾಮ್ಸೆಲ್‌ಗಳ ಹಲವು ಪ್ರಭೇದಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯವರನ್ನು ಕೇಳಿ: ಇದು ತೊಟ್ಟಿಯಲ್ಲಿ ಹುಟ್ಟಿದ್ದೋ, ಕಡಲಿನಿಂದ ಹಿಡಿದು ತಂದದ್ದೋ? ಹಿಡಿದು ತಂದದ್ದಾದರೆ ದಯವಿಟ್ಟು ಕೊಳ್ಳಬೇಡಿ.