51.7 ಕೋಟಿ ಎಲ್ವಿಸ್, 68 ರೂಪಾಯಿಯ ಸಂಗ್ರಹ

ಕೊಂಡ ಅಂಚೆಚೀಟಿಯನ್ನು ಜನ ಲಕೋಟೆಗೆ ಅಂಟಿಸದೆ ಮನೆಯಲ್ಲೇ ಇಟ್ಟುಕೊಂಡರೆ ಅಂಚೆ ಇಲಾಖೆಗೆ ಅದರಷ್ಟು ಲಾಭದ ವ್ಯಾಪಾರ ಬೇರೊಂದಿಲ್ಲ. ಹಣ ಆಗಲೇ ಬಂದಿರುತ್ತದೆ, ಪತ್ರ ಹೊತ್ತೊಯ್ಯುವ ಖರ್ಚಂತೂ ಇಲ್ಲ. ಗಾಯಕರು, ಆಟಗಾರರ ಚೀಟಿಗಳು ಹೀಗೆ ಉಳಿದುಬಿಡುವುದು ಹೆಚ್ಚು. ಅಭಿಮಾನಿಗಳು ಅವನ್ನು ಬಿಟ್ಟುಕೊಡುವುದಿಲ್ಲ.

ಇದಕ್ಕೆ ಅತಿ ದೊಡ್ಡ ಉದಾಹರಣೆ ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿಯ ಚೀಟಿ. ಚೀಟಿಗೆ ಯುವ ಎಲ್ವಿಸ್ ಚಿತ್ರವೋ, ನಡುವಯಸ್ಸಿನ ಎಲ್ವಿಸ್ ಚಿತ್ರವೋ ಎಂದು 1992ರಲ್ಲಿ ಅಲ್ಲಿನ ಅಂಚೆ ಸೇವೆ ಜನರನ್ನೇ ಕೇಳಿತು. ಬಂದ ಮತಗಳು 11 ಲಕ್ಷಕ್ಕೂ ಮಿಕ್ಕಿದ್ದವು. ಯುವಕನಿಗೆ ಸುಮಾರು 8.51 ಲಕ್ಷ, ಇನ್ನೊಂದಕ್ಕೆ 2.77 ಲಕ್ಷ. ಗೆದ್ದ ಚಿತ್ರ 1993ರ ಜನವರಿ 8ರಂದು, ಎಲ್ವಿಸ್ ಬದುಕಿದ್ದರೆ 58 ತುಂಬುತ್ತಿದ್ದ ದಿನ, 29 ಸೆಂಟ್‌ನ ಚೀಟಿಯಾಗಿ ಬಂತು. ಅಚ್ಚಾದದ್ದು ಸುಮಾರು 51.7 ಕೋಟಿ. ಅದರಲ್ಲಿ 12.4 ಕೋಟಿ ಚೀಟಿಗಳನ್ನು ಜನ ಬಳಸದೆ ತೆಗೆದಿಟ್ಟರು ಎಂಬುದು ಇಲಾಖೆಯ ಅಂದಾಜು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. 29 ಸೆಂಟ್‌ನಿಂದ ಗುಣಿಸಿದರೆ 3.6 ಕೋಟಿ ಡಾಲರ್.

ಸಂಗ್ರಾಹಕನ ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ. 12.4 ಕೋಟಿ ಜನರ ಬಳಿಯಲ್ಲದಿದ್ದರೂ 12.4 ಕೋಟಿ ಪ್ರತಿಗಳು ಇರುವ ವಸ್ತುವಿಗೆ ಬೆಲೆ ಏರುವುದಾದರೂ ಎಲ್ಲಿಂದ? 40 ಚೀಟಿಗಳ ಪೂರ್ತಿ ಹಾಳೆಗೆ ಅಂದು ಕೊಟ್ಟದ್ದು 11 ಡಾಲರ್ 60 ಸೆಂಟ್. ಆ ಚೀಟಿ ಇವತ್ತಿಗೂ ಚಲಾವಣೆಯಲ್ಲಿದೆ, ಆದರೆ 29 ಸೆಂಟ್‌ಗಷ್ಟೇ. ಅಲ್ಲಿನ ಸಾಮಾನ್ಯ ಪತ್ರಕ್ಕೆ ಈಗ ಎರಡು ಅಂಟಿಸಿದರೂ ಸಾಲದು. ಇದನ್ನು ಕೂಡಿಡುವುದಾದರೆ ಹಾಡಿನ ಮೇಲಿನ ಪ್ರೀತಿಗೆ ಕೂಡಿಡಬೇಕು. ನನ್ನನ್ನು ಕೇಳಿದರೆ, ಬಳಸದ ಹಾಳೆಗಿಂತ ತಾರೀಖು ಸ್ಪಷ್ಟವಾಗಿ ಓದಲು ಬರುವ ಮೊಹರು ಬಿದ್ದ ಲಕೋಟೆಯೇ ಮೇಲು; ಅಂಥವನ್ನು ಜನ ಕಸಕ್ಕೆ ಹಾಕಿದ್ದೇ ಹೆಚ್ಚು. ಇನ್ನೊಂದು ಸಂಗತಿ: ಜನವರಿಯ ಚೀಟಿಯಲ್ಲಿ ಬರೀ ‘ಎಲ್ವಿಸ್’ ಎಂದಿದೆ. ಅದೇ ವರ್ಷ ಜೂನ್‌ನಲ್ಲಿ ಬಡ್ಡಿ ಹಾಲಿ, ಓಟಿಸ್ ರೆಡಿಂಗ್ ಮೊದಲಾದ ಗಾಯಕರ ಜೊತೆ 7 ಚೀಟಿಗಳ ಸರಣಿಯಲ್ಲಿ ಮತ್ತೆ ಬಂದಾಗ ಪೂರ್ತಿ ಹೆಸರಿದೆ. ಒಂದೇ ಮುಖ, ಎರಡು ಚೀಟಿ.

ನಮ್ಮಲ್ಲಿ ಮುಖಬೆಲೆಯ ಲೆಕ್ಕ ಹಗುರ. 1996ರ ಕ್ರಿಕೆಟಿಗರ ಸರಣಿಯಲ್ಲಿ ಸಿ.ಕೆ. ನಾಯ್ಡು, ದೇವಧರ್, ವಿನೂ ಮಂಕಡ್, ವಿಜಯ್ ಮರ್ಚೆಂಟ್: ತಲಾ 2 ರೂಪಾಯಿಯಂತೆ 8. 2003ರಲ್ಲಿ ಕಿಶೋರ್ ಕುಮಾರ್, ಮುಕೇಶ್, ರಫಿ, ಹೇಮಂತ್ ಕುಮಾರ್: ತಲಾ 5 ರೂಪಾಯಿಯಂತೆ 20. ಸಚಿನ್ ತೆಂಡೂಲ್ಕರ್ ವಾಂಖೆಡೆಯಲ್ಲಿ 200ನೇ ಟೆಸ್ಟ್ ಆಡಲು ಇಳಿದ 2013ರ ನವೆಂಬರ್ 14ರಂದು 20 ರೂಪಾಯಿಯ ಎರಡು: 40. ಬದುಕಿರುವವರಿಗೆ ಅಂಚೆಚೀಟಿ ಅಪರೂಪವಾದ ದೇಶದಲ್ಲಿ ಆಟಗಾರನೊಬ್ಬನಿಗೆ ಆಡುತ್ತಿರುವಾಗಲೇ ಸಂದ ಗೌರವ ಅದು. ಒಟ್ಟು 10 ಚೀಟಿ, 68 ರೂಪಾಯಿ. ಬಂದ ಹೊಸತರಲ್ಲೇ ಅಂಚೆ ಕಚೇರಿಯಲ್ಲಿ ಕೊಂಡವರ ಲೆಕ್ಕ ಇದು. ಈಗ ವ್ಯಾಪಾರಿಗಳು ಹೇಳಿದ್ದೇ ಬೆಲೆ.

ಕನ್ನಡಿಗರು ಬಿಡಬಾರದ ಸರಣಿ 2014ರ ಸೆಪ್ಟೆಂಬರ್ 3ರದು. ಎಂಟು ಸಂಗೀತಗಾರರಲ್ಲಿ ನಾಲ್ವರು ಹುಟ್ಟಿದ್ದು ಬೆಳಗಾವಿ, ಧಾರವಾಡ, ಗದಗ ಸೀಮೆಯಲ್ಲಿ: ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ, ಮಲ್ಲಿಕಾರ್ಜುನ ಮನ್ಸೂರ. ರವಿಶಂಕರ್, ವಿಲಾಯತ್ ಖಾನ್, ಅಲಿ ಅಕ್ಬರ್ ಖಾನ್, ಡಿ.ಕೆ. ಪಟ್ಟಮ್ಮಾಳ್ ಉಳಿದವರು. ಇಡೀ ದೇಶದ ಸಂಗೀತಕ್ಕೆ ಮೀಸಲಾದ ಹಾಳೆಯಲ್ಲಿ ಅರ್ಧ ಪಾಲು ಇಷ್ಟು ಚಿಕ್ಕ ಸೀಮೆಗೆ ದಕ್ಕಿದೆ. ಅದಕ್ಕೂ ಅರ್ಧ ಶತಮಾನ ಮೊದಲು, 1964ರ ಜನವರಿಯಲ್ಲಿ, ಪುರಂದರದಾಸರ 15 ಪೈಸೆಯ ಚೀಟಿ ಬಂದಿತ್ತು. ಈ ಐದನ್ನು ಒಂದೇ ಪುಟದಲ್ಲಿ ಜೋಡಿಸುವ ಆಸೆ ಯಾರಿಗಾದರೂ ಬಂದರೆ, ಆ ಹಳೆಯ 15 ಪೈಸೆಯದನ್ನೇ ಮೊದಲು ಹುಡುಕಲಿ. ಅಂಟು ಕೆಡದೆ, ಕಂದು ಕಲೆಯಿಲ್ಲದೆ ಅಷ್ಟು ಮಳೆಗಾಲ ದಾಟಿ ಬಂದ ಪ್ರತಿ ಸಿಗುವುದು ಕಷ್ಟ.

ಮುಂದೆ ಬರುವ ಚೀಟಿಗಳನ್ನು ಮುಖಬೆಲೆಗೇ ಪಡೆಯಲು ಅಂಚೆ ಇಲಾಖೆಯ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಬ್ಯೂರೋದಲ್ಲಿ ಠೇವಣಿ ಖಾತೆ ತೆರೆಯಬಹುದು. ಕನಿಷ್ಠ ಮೊತ್ತ 200 ರೂಪಾಯಿ.