ರೈಬೋಸೋಮಿನ ಬಾಯಿಗೆ ಬಿರಡೆ

ಮಡಿವಾಳದ ಯಾವ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೂ ಮಾಂಟೆಲುಕಾಸ್ಟ್ ಸಿಗುತ್ತದೆ. ಸಿಲ್ಕ್ ಬೋರ್ಡ್ ಕಡೆಯ ಧೂಳು, ಹೊಗೆಗೆ ಉಬ್ಬಸ ಕೆರಳಿದವರಿಗೆ, ಮೂಗು ಸೋರುವ ಅಲರ್ಜಿಯವರಿಗೆ ವೈದ್ಯರು ಬರೆದುಕೊಡುವ ಹಳೆಯ ಮಾತ್ರೆ ಅದು. 2022ರಲ್ಲಿ ಬೆಂಗಳೂರಿನದೇ ಭಾರತೀಯ ವಿಜ್ಞಾನ ಸಂಸ್ಥೆಯ ತನ್ವೀರ್ ಹುಸೇನ್, ಸಂದೀಪ್ ಈಶ್ವರಪ್ಪ ಮತ್ತು ಸಂಗಡಿಗರು ಈ ಮಾತ್ರೆಗೆ ಬೇರೆಯೇ ಒಂದು ಕೆಲಸವಿರಬಹುದೆಂದು ಪ್ರಕಟಿಸಿದರು. ಅದು ತಿಳಿಯಬೇಕಾದರೆ ಕೊರೊನಾ ವೈರಾಣು ನಮ್ಮ ಜೀವಕೋಶದೊಳಗೆ ಏನು ಮಾಡುತ್ತದೆಂದು ನೋಡಬೇಕು.

ವೈರಾಣುವಿಗೆ ಸ್ವಂತ ರೈಬೋಸೋಮ್ ಇಲ್ಲ. ಪ್ರೋಟೀನ್ ಕಟ್ಟುವ ಈ ಯಂತ್ರ ನಮ್ಮ ಜೀವಕೋಶಗಳಲ್ಲಿ ಲಕ್ಷಗಟ್ಟಲೆ ಇದೆ. ಆರ್‌ಎನ್‌ಎ ಸಂದೇಶ ಯಾರದೆಂದು ಅದು ವಿಚಾರಿಸುವುದಿಲ್ಲ, ಎದುರಿಗೆ ಬಂದದ್ದನ್ನು ಓದುತ್ತದೆ. ಸುಮಾರು 30,000 ಅಕ್ಷರಗಳ ವೈರಾಣು ಆರ್‌ಎನ್‌ಎ ಒಳಹೊಕ್ಕ ಕೂಡಲೇ ಓದು ಶುರು. ನಡುವೆ ಒಂದು ಕಡೆ ಆರ್‌ಎನ್‌ಎ ಗಂಟಿನಂತೆ ಮಡಚಿಕೊಂಡಿದ್ದು, ಅಲ್ಲಿ ಕೆಲವು ರೈಬೋಸೋಮ್‌ಗಳು ಒಂದಕ್ಷರ ಹಿಂದಕ್ಕೆ ಜಾರುತ್ತವೆ. ಜಾರದವುಗಳ ಓದು ಅಲ್ಲೇ ಹತ್ತಿರದಲ್ಲಿ ಮುಗಿಯುತ್ತದೆ. ಜಾರಿದವು ಮುಂದುವರಿದು, ವೈರಾಣು ತನ್ನ ನಕಲು ಮಾಡಿಕೊಳ್ಳಲು ಬೇಕಾದ ಕಿಣ್ವವನ್ನೂ ಕಟ್ಟಿಕೊಡುತ್ತವೆ. ಒಂದಕ್ಷರದ ಜಾರುವಿಕೆಯ ಮೇಲೆ ವೈರಾಣುವಿನ ಬದುಕೇ ನಿಂತಿರುವುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ವೈರಾಣು ಕಟ್ಟಿಸಿಕೊಳ್ಳುವ ಪ್ರೋಟೀನುಗಳಲ್ಲಿ ಮೊದಲನೆಯದು ಎನ್‌ಎಸ್‌ಪಿ-1. 180 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಅದರ ಬಾಲ ರೈಬೋಸೋಮಿನ ಸಣ್ಣ ಭಾಗದಲ್ಲಿ ಆರ್‌ಎನ್‌ಎ ಒಳಬರುವ ಸುರಂಗಕ್ಕೆ ಬಿರಡೆಯಂತೆ ಕೂತುಬಿಡುತ್ತದೆ. ಜೀವಕೋಶದ ಸಂದೇಶಗಳಿಗೆ ದಾರಿ ಬಂದ್. ಅಷ್ಟೇ ಅಲ್ಲ, ಆ ಸಂದೇಶಗಳು ತುಂಡಾಗಿ ನಾಶವಾಗುವುದಕ್ಕೂ ಎನ್‌ಎಸ್‌ಪಿ-1 ಕಾರಣ. ಸೋಂಕು ತಗುಲಿದೆ ಎಂದು ಅಕ್ಕಪಕ್ಕದ ಜೀವಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಕೂಡ ಪ್ರೋಟೀನೇ. ಅದರ ತಯಾರಿಯೂ ಕುಸಿಯುತ್ತದೆ. ವೈರಾಣುವಿನ ಸಂದೇಶಗಳಿಗೆ ಮಾತ್ರ ಈ ತಡೆ ತಟ್ಟುವುದಿಲ್ಲ. ಅವುಗಳ ತಲೆಯಲ್ಲಿರುವ ಹೇರ್‌ಪಿನ್ ಆಕಾರದ ಮಡಿಕೆಯೇ ಒಳಹೋಗಲು ರಹದಾರಿ.

ಔಷಧ ಹುಡುಕುವವರ ಕಷ್ಟ ಇಲ್ಲಿಯೇ ಇದೆ. ರೈಬೋಸೋಮ್ ನಮ್ಮದು, ಅದನ್ನು ಕೆಡಿಸಿದರೆ ನಾವೇ ಉಳಿಯುವುದಿಲ್ಲ. ಹೊಡೆಯಬೇಕಾದದ್ದು ಬಿರಡೆಯನ್ನು. ವೈರಾಣು ರೂಪಾಂತರಗೊಳ್ಳುತ್ತ ಹೋದರೂ ಆ ಬಾಲ ಹೆಚ್ಚು ಬದಲಾಗುವುದಿಲ್ಲವೆಂದು ಬೆಂಗಳೂರಿನ ತಂಡ ಗುರುತಿಸಿತು. ಈಗಾಗಲೇ ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆದ ಔಷಧಗಳನ್ನು ಕಂಪ್ಯೂಟರಿನಲ್ಲಿ ಜರಡಿ ಹಿಡಿದಾಗ, ಬಾಲಕ್ಕೆ ಅಂಟಬಲ್ಲವೆಂದು ಕಂಡವುಗಳಲ್ಲಿ ಮಾಂಟೆಲುಕಾಸ್ಟ್ ಒಂದು. ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ಪ್ರೋಟೀನ್ ತಯಾರಿಯನ್ನು ಮತ್ತೆ ಚೇತರಿಸುವಂತೆ ಮಾಡಿತು, ವೈರಾಣುವಿನ ಸಂಖ್ಯೆಯನ್ನೂ ತಗ್ಗಿಸಿತು.

ಆದರೆ ರೋಗಿಯ ಮೈ ಬೇರೆ. ಮನೆಯಲ್ಲೇ ಚೇತರಿಸಿಕೊಳ್ಳುತ್ತಿದ್ದ ಕೋವಿಡ್ ರೋಗಿಗಳಿಗೆ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಮಾಂಟೆಲುಕಾಸ್ಟ್ ಕೊಟ್ಟು ನೋಡಿದರು. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ಅದರಿಂದ ಚೇತರಿಕೆ ಬೇಗವಾಗಲಿಲ್ಲ. ಹಾಗಾಗಿ ಮನೆಯಲ್ಲಿ ಉಳಿದಿರುವ ಉಬ್ಬಸದ ಮಾತ್ರೆಯನ್ನು ಕೋವಿಡ್‌ಗೆಂದು ಯಾರೂ ನುಂಗಬೇಡಿ. ಬಿರಡೆಯ ಮೇಲಿನ ಗುರಿ ಸರಿಯಾಗಿಯೇ ಇದೆ, ಅದಕ್ಕೆ ಇನ್ನೂ ಬಿಗಿಯಾಗಿ ಅಂಟುವ ಅಣು ಬೇಕು.