ವೈಜಾಗ್ ದಾಳಿಯ ಹಿಂದಿನ ಹಳೇ ಫೈಟರ್

ವಿಶಾಖಪಟ್ಟಣದ ಮೇಲೆ ಜಪಾನ್ ಬಾಂಬ್ ಹಾಕಿತ್ತು, ಗೊತ್ತಾ?

1942, ಏಪ್ರಿಲ್ 6.
ಬಂಗಾಳ ಕೊಲ್ಲಿಯಲ್ಲಿ ಜಪಾನಿನ ಪುಟ್ಟ ವಿಮಾನವಾಹಕ ನೌಕೆ, ರ್‍ಯೂಜೊ.
ಅದರ ಬಾಂಬರ್‌ಗಳು ವಿಶಾಖಪಟ್ಟಣಕ್ಕೂ ಕಾಕಿನಾಡಕ್ಕೂ ನುಗ್ಗಿದವು.
ಬಂದರಿಗೆ ಪೆಟ್ಟು. ಊರು ಬಿಟ್ಟು ಓಡಿದ ಜನ.

ಆ ನೌಕೆಯ ಕಾವಲಿಗೆ ಯಾವ ಫೈಟರ್?
ಜಪಾನಿನ ಹೆಸರಾಂತ ಫೈಟರ್ ಝೀರೋ ಅಂದ್ಕೊಂಡ್ರಾ? ಅಲ್ಲ!

ಅದಕ್ಕಿಂತ ಹಳೆಯದು, ಮಿತ್ಸುಬಿಷಿ ಎ5ಎಂ.
1935ರಲ್ಲಿ ಮೊದಲು ಹಾರಿದ್ದು.
ಮೂತಿಗೊಂದು ಪ್ರೊಪೆಲ್ಲರ್.
ಒಳಗೆ ಮಡಚದ ಚಕ್ರ.
ಪೈಲಟ್ ತಲೆಯ ಮೇಲೆ ಮುಚ್ಚಳವೇ ಇಲ್ಲ.
ಬುಲೆಟ್ ಬೈಕಲ್ಲಿ ಘಾಟಿ ಇಳಿದ ಹಾಗೆ, ಗಾಳಿಯೆಲ್ಲ ಮುಖಕ್ಕೇ!

ಜಪಾನ್-ಚೀನಾ ಯುದ್ಧದಲ್ಲಿ ಮೆರೆದಿದ್ದ ಈ ವಿಮಾನ, 1942ಕ್ಕೆ ಹಳತಾಗಿತ್ತು.
ಆದರೂ ನಡೆದುಹೋಯಿತು.
ಯಾಕಂದ್ರೆ, ವಿಶಾಖಪಟ್ಟಣದಲ್ಲಿ ಬ್ರಿಟಿಷರ ಫೈಟರ್‌ಗಳೇ ಇರಲಿಲ್ಲ!

ಜಪಾನಿಗೆ ಮರಳಿದ ಮೇಲೆ ರ್‍ಯೂಜೊಗೆ ಝೀರೋ ಸಿಕ್ಕಿತು.
ಅದೇ ವರ್ಷ ಆಗಸ್ಟ್ 24ರಂದು, ಸೊಲೊಮನ್ ದ್ವೀಪಗಳ ಹತ್ತಿರ, ಅಮೆರಿಕದ ವಿಮಾನಗಳು ನೌಕೆಯನ್ನೇ ಮುಳುಗಿಸಿದವು.